ಪಾಡ್ಯದಿಂದ ಪಾಡ್ಯಕ್ಕೆ: ಪುಟ್ಟ ಮಕ್ಕಳ ಜೊತೆ ದಸರಾ, ದೀಪಾವಳಿ

ಪ್ರಶ್ನೆ: ಮಗಳಿಗೆ ಆರು ವರ್ಷ, ಮಗನಿಗೆ ಮೂರು. ಇರುವುದು ಬೆಂಗಳೂರಿನಲ್ಲಿ. ಅತ್ತೆ ಮನೆ ಮೈಸೂರು, ತವರು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಕಳೆದ ವರ್ಷ ಮನೆಯಲ್ಲಿ ಗೊಂಬೆ ಕೂರಿಸಿ, ಮೈಸೂರಿನಲ್ಲಿ ಜಂಬೂಸವಾರಿ ನೋಡಿ, ನಡುವೆ ಎರಡು ಪ್ರವಾಸ ಮಾಡಿ ದೀಪಾವಳಿಗೆ ತವರು ಸೇರುವಷ್ಟರಲ್ಲಿ ಇಬ್ಬರಿಗೂ ಜ್ವರ, ಹಠ, ರಾತ್ರಿಯೆಲ್ಲ ಅಳು. ಈ ವರ್ಷ ಏನನ್ನೂ ಬಿಡದೆ, ಮಕ್ಕಳೂ ನಗುನಗುತ್ತಾ ಇರುವ ಹಾಗೆ ಹೇಗೆ ಹೊಂದಿಸಿಕೊಳ್ಳಲಿ?

ಉತ್ತರ: ಎರಡನ್ನು ಬಿಡಲೇಬೇಕು. ಒಂದು, ವಿಜಯದಶಮಿಯ ದಿನ ಮೈಸೂರಿನ ಬೀದಿಯಲ್ಲಿ ನಿಲ್ಲುವುದು. ಇನ್ನೊಂದು, ನಡುವಿನ ಆ ಎರಡು ಪ್ರವಾಸ. ಉಳಿದದ್ದಕ್ಕೆಲ್ಲ ಜಾಗ ಇದೆ, ಅದೂ ಧಾರಾಳವಾಗಿ.

ಪಂಚಾಂಗ ತೆಗೆದು ನೋಡಿ. ಆಶ್ವಯುಜ ಶುದ್ಧ ಪಾಡ್ಯಕ್ಕೆ ಗೊಂಬೆ ಕೂರುತ್ತವೆ, ಕಾರ್ತಿಕ ಶುದ್ಧ ಪಾಡ್ಯಕ್ಕೆ ಬಲಿಪಾಡ್ಯಮಿ. ಪಾಡ್ಯದಿಂದ ಪಾಡ್ಯಕ್ಕೆ ಸರಿಯಾಗಿ ಒಂದು ಚಾಂದ್ರಮಾಸ, 29 ಅಥವಾ 30 ದಿನ. ಮೊದಲ ಹತ್ತು ದಿನ ದಸರಾ. ದಶಮಿ ಕಳೆದು ಐದನೇ ದಿನ ಹುಣ್ಣಿಮೆ: ಮಲೆನಾಡಿನವರಿಗೆ ಭೂಮಿ ಹುಣ್ಣಿಮೆ, ಉತ್ತರ ಕರ್ನಾಟಕದವರಿಗೆ ಸೀಗಿ ಹುಣ್ಣಿಮೆ. ಅಲ್ಲಿಂದ ನೀರು ತುಂಬುವ ಹಬ್ಬದವರೆಗೆ ಹೆಚ್ಚುಕಡಿಮೆ ಹದಿಮೂರು ದಿನ ಯಾವ ದೊಡ್ಡ ಹಬ್ಬವೂ ಇಲ್ಲ. ಆ ಬಿಡುವು ಮಕ್ಕಳ ಪಾಲಿನದು. ನೀವು ಅಲ್ಲಿ ಪ್ರವಾಸ ತುಂಬಿದ್ದರಿಂದಲೇ ದೀಪಾವಳಿಯ ಹೊತ್ತಿಗೆ ಮಕ್ಕಳಲ್ಲಿ ತ್ರಾಣ ಉಳಿದಿರಲಿಲ್ಲ. ದಸರೆಯ ಹತ್ತು ದಿನದಲ್ಲಿ ಎಷ್ಟೋ ಮನೆಯ ಮಕ್ಕಳೊಡನೆ ಆಡಿ, ಒಂದೇ ತಟ್ಟೆಗೆ ಕೈಹಾಕಿ ತಂದುಕೊಂಡ ನೆಗಡಿ-ಕೆಮ್ಮು ಪೂರ್ತಿ ಹೋಗಲು ಒಂದು ವಾರ, ಹತ್ತು ದಿನ ಬೇಕು. ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಈಗಲೇ ಗೆರೆ ಎಳೆದು 'ಶಾಲೆ, ಮನೆ' ಎಂದಷ್ಟೇ ಬರೆಯಿರಿ.

ಇನ್ನು ನಿದ್ದೆ. ಮೂರು ವರ್ಷದ ಮಗುವಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ, ಆರು ವರ್ಷದವಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ನವರಾತ್ರಿಯಲ್ಲಿ ಇದು ತಪ್ಪುವುದು ಒಂದೇ ಕಾರಣಕ್ಕೆ: ಆರತಿ ಎಂಟಕ್ಕೆ, ಅರಿಸಿನ-ಕುಂಕುಮಕ್ಕೆ ಬಂದವರು ಹೊರಡುವುದು ಒಂಬತ್ತೂವರೆಗೆ. ಆರತಿಯನ್ನು ಆರೂವರೆಗೆ ತನ್ನಿ. ಕರೆಯುವಾಗಲೇ 'ಐದರಿಂದ ಏಳರೊಳಗೆ ಬನ್ನಿ, ಮಕ್ಕಳು ಬೇಗ ಮಲಗುತ್ತಾರೆ' ಎಂದು ಹೇಳಿಬಿಡಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಎಂಟೂವರೆಗೆ ದೀಪ ಆರಿಸಿ ಮಲಗಿಸಿ. ಸಂಜೆ ಐದೂವರೆಗೆ ಕಾರಿನಲ್ಲಿ ಅರ್ಧ ಗಂಟೆ ಮಗ ತೂಕಡಿಸಿದರೆ ಆ ರಾತ್ರಿ ಹನ್ನೊಂದರವರೆಗೆ ಎದ್ದೇ ಇರುತ್ತಾನೆ. ಹಾಗಾಗಿ ಮೈಸೂರಿನಂಥ ಹತ್ತಿರದ ಪ್ರಯಾಣವೆಲ್ಲ ಊಟ ಮುಗಿದ ಮೇಲೆ, ಒಂದು ಗಂಟೆ ಸುಮಾರಿಗೆ ಹೊರಡುವ ಹಾಗಿರಲಿ. ಹಗಲಿನ ನಿದ್ದೆ ದಾರಿಯಲ್ಲಿ ಮುಗಿಯುತ್ತದೆ.

ಮಕ್ಕಳ ಕೈಗೆ ನಿಜವಾದ ಕೆಲಸ ಕೊಡಿ. ಬರೀ ನೋಡುವ ಹಬ್ಬದಲ್ಲಿ ಚಿಕ್ಕವರಿಗೆ ಬೇಗ ಬೇಸರ ಬರುತ್ತದೆ, ಬೇಸರ ಹಠವಾಗುತ್ತದೆ. ಗೊಂಬೆ ಹಬ್ಬದಲ್ಲಿ ಅವರಿಗೆ ಒಪ್ಪುವ ಮೊದಲ ಕೆಲಸ ರಾಗಿ ಪೈರು. ಗೊಂಬೆಗಳ ಮುಂದೆ ಮಾಡುವ 'ಪಾರ್ಕ್'ಗೆ ಪ್ಲಾಸ್ಟಿಕ್ ಹುಲ್ಲುಹಾಸು ತರಬೇಡಿ. ಪಾಡ್ಯಕ್ಕೆ ಆರು ದಿನ ಮೊದಲು ನಾಲ್ಕು ದೊಡ್ಡ ಚಮಚ ರಾಗಿಯನ್ನು ಮಗಳ ಕೈಯಲ್ಲಿ ತೊಳೆಸಿ ರಾತ್ರಿ ನೆನೆಹಾಕಿಸಿ. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ಬಿಳಿ ಮೊಳಕೆ ಇಣುಕುವವರೆಗೆ, ಅಂದರೆ ಸುಮಾರು ಒಂದು ದಿನ, ಹಾಗೇ ಬಿಡಿ. ಒಂದಡಿ ಉದ್ದ, ಮುಕ್ಕಾಲಡಿ ಅಗಲದ ತಟ್ಟೆಗೆ ಜರಡಿ ಹಿಡಿದ ಮಣ್ಣು ಮತ್ತು ತೆಂಗಿನ ನಾರಿನ ಪುಡಿಯನ್ನು ಸಮಸಮ ಬೆರೆಸಿ ಎರಡು ಬೆರಳ ದಪ್ಪ ಹರಡಿ. ಮಗ ಅಂಗೈಯಿಂದ ಅದನ್ನು ಒತ್ತಿ ಸಮ ಮಾಡಲಿ. ಮೊಳಕೆಯನ್ನು ಒತ್ತಾಗಿ ಚೆಲ್ಲಿ, ಮೇಲೆ ಕಾಳು ಮುಚ್ಚುವಷ್ಟು ಮಾತ್ರ ಮಣ್ಣು ಉದುರಿಸಿ, ಒದ್ದೆ ಬಟ್ಟೆ ಮುಚ್ಚಿ. ಎರಡನೇ ದಿನ ಹಸಿರು ಮೊನೆ ಕಂಡ ಕೂಡಲೇ ಬಟ್ಟೆ ತೆಗೆದು ಕಿಟಕಿ ಬಳಿ ಇಡಿ. ದಿನಕ್ಕೆರಡು ಸಲ ಪಿಚಕಾರಿ ಬಾಟಲಿಯಿಂದ ನೀರು ಸಿಂಪಡಿಸುವುದು ಮಗನ ಕೆಲಸ. ಚೊಂಬಿನಿಂದ ಸುರಿದರೆ ಕಾಳೆಲ್ಲ ಒಂದು ಮೂಲೆಗೆ ಕೊಚ್ಚಿಹೋಗುತ್ತದೆ.

ಮೂರನೇ ದಿನ ಬುಡದಲ್ಲಿ ಬಿಳಿ ನವಿರು ಕಂಡು ಬೂಷ್ಟು ಎಂದು ಎಸೆಯುವವರು ಬಹಳ. ನೀರು ಸಿಂಪಡಿಸಿ ನೋಡಿ. ಮಾಯವಾದರೆ ಅದು ಬೇರಿನ ರೋಮ. ಜೇಡರಬಲೆಯ ಹಾಗೆ ಕಾಳಿಂದ ಕಾಳಿಗೆ ಹಬ್ಬಿ, ಮುಗ್ಗಲು ವಾಸನೆ ಬಂದರೆ ಮಾತ್ರ ಬೂಷ್ಟು. ನೀರು ಹೆಚ್ಚಾದಾಗ, ಬಟ್ಟೆ ತೆಗೆಯಲು ತಡವಾದಾಗ ಹಾಗಾಗುತ್ತದೆ. ಗೊಂಬೆ ಮೆಟ್ಟಿಲ ಮುಂದೆ ಇಟ್ಟ ಮೇಲೆ ಪೈರು ಬೆಳಕಿನ ಕಡೆ ವಾಲುತ್ತದೆ. ದಿನಾ ಬೆಳಿಗ್ಗೆ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿ, ಅದು ಯಾಕೆ ವಾಲಿತು ಎಂದು ಮಗಳನ್ನೇ ಕೇಳಿ. ಮೂರು ವರ್ಷದವನಿಗೆ ಅಷ್ಟು ದಿನ ಕಾಯುವ ತಾಳ್ಮೆ ಇರುವುದಿಲ್ಲ, ಆದ್ದರಿಂದ ಒಂದು ಬಟ್ಟಲಲ್ಲಿ ಸಾಸಿವೆ ಅಥವಾ ಮೆಂತ್ಯವನ್ನೂ ಹಾಕಿಸಿ. ಅದು ಬೇಗ ತಲೆ ಎತ್ತುತ್ತದೆ.

ತಟ್ಟೆಯ ಕೆಳಗೆ ನೀರು ನಿಲ್ಲದಂತೆ ನೋಡಿಕೊಳ್ಳಿ. ಹೂವು ತೇಲಿಸಿದ ಉರುಳಿ, ಪಾರ್ಕಿನ ಪುಟ್ಟ 'ಕೊಳ' ಇವೂ ಅಷ್ಟೇ. ಡೆಂಗಿ ಹರಡುವ ಸೊಳ್ಳೆ ನಿಂತ ಶುದ್ಧ ನೀರಿನಲ್ಲೇ ಮೊಟ್ಟೆಯಿಡುತ್ತದೆ. ಮೊಟ್ಟೆ ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು, ಅಂದರೆ ಗೊಂಬೆ ಕೂತಿರುವಷ್ಟೇ ದಿನ. ಅದೂ ಹಸ್ತಾ, ಚಿತ್ತಾ ಮಳೆಯ ಕಾಲ. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ, ಪಾತ್ರೆಯ ಒಳಬದಿ ಉಜ್ಜಿ ತೊಳೆದು ಹೊಸ ನೀರು ತುಂಬಿ. ನೀರು ಚೆಲ್ಲಿದರಷ್ಟೇ ಸಾಲದು, ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿರುತ್ತದೆ.

ಮೆಟ್ಟಿಲು ಈ ವರ್ಷ ಐದೇ ಸಾಕು. ಒಂದೊಂದು 8 ಅಂಗುಲವೆಂದರೂ ಐದಕ್ಕೆ 40 ಅಂಗುಲ, ನಿಮ್ಮ ಮಗ ಸುಮಾರು ಅಷ್ಟೇ ಎತ್ತರ ಇರುತ್ತಾನೆ. ಪಟ್ಟದ ಗೊಂಬೆ, ಕಳಶ, ಮಣ್ಣಿನ ಹಳೆಯ ಗೊಂಬೆಗಳು ಮೇಲಿನ ಎರಡು ಸಾಲಿನಲ್ಲಿರಲಿ. ಡಬ್ಬದ ಮೇಲೆ ಹಲಗೆ ಇಟ್ಟು ಮಾಡಿದ ಮೆಟ್ಟಿಲಾದರೆ ಹಲಗೆಯನ್ನು ಡಬ್ಬಕ್ಕೆ ಹಗ್ಗದಿಂದ ಬಿಗಿಯಿರಿ. ಹೊದಿಸಿದ ಬಿಳಿ ಪಂಚೆಯ ಅಂಚನ್ನು ಕೆಳಗೆ ಇಳಿಬಿಡಬೇಡಿ, ಹಲಗೆಯ ಅಡಿಗೆ ಮಡಚಿ ಸಿಕ್ಕಿಸಿ. ಗೊಂಬೆ ಬೀಳುವುದು ಮಗು ಮುಟ್ಟಿದಾಗ ಅಲ್ಲ, ಬಟ್ಟೆ ಎಳೆದಾಗ. ಕೆಳಗಿನ ಮೆಟ್ಟಿಲನ್ನು ಪೂರ್ತಿ ಮಕ್ಕಳಿಗೆ ಬಿಟ್ಟುಕೊಡಿ. ಚನ್ನಪಟ್ಟಣದ ಮರದ ಗೊಂಬೆಗಳು ಅಲ್ಲಿಗೆ ಸರಿ: ಹಾಲೆ ಮರ, ಅರಗಿನ ಬಣ್ಣ, ಬಿದ್ದರೂ ಒಡೆಯುವುದಿಲ್ಲ. ತುಂಬಾ ಸಣ್ಣವನ್ನು ಮಾತ್ರ ಮಗನ ಕೈಗೆ ಕೊಡಬೇಡಿ. ದಿನಾ ಆ ಸಾಲನ್ನು ಅವರು ಕೆಡವಿ ಮತ್ತೆ ಜೋಡಿಸಲಿ, ಚೌಕಾಬಾರದ ಕಾಯಿ, ಆಟಿಕೆ ಬಸ್ಸು ಏನು ಬೇಕಾದರೂ ಇಡಲಿ. 'ಮುಟ್ಟಬೇಡ' ಎಂದು ಒಂಬತ್ತು ದಿನ ಹೇಳುವ ಕಷ್ಟ ಇದರಿಂದ ತಪ್ಪುತ್ತದೆ.

ಎಣ್ಣೆ ದೀಪದ ಬದಲು ಬ್ಯಾಟರಿ ದೀಪ ಸುರಕ್ಷಿತ ಎಂದುಕೊಂಡು ತಂದಿದ್ದರೆ ಒಂದನ್ನು ತಿರುಗಿಸಿ ತಳ ನೋಡಿ. ಒಳಗಿರುವುದು ನಾಣ್ಯದಂಥ ಚಪ್ಪಟೆ ಬ್ಯಾಟರಿ. ಮುಚ್ಚಳಕ್ಕೆ ತಿರುಪು ಇಲ್ಲದಿದ್ದರೆ, ಉಗುರಿನಿಂದಲೇ ತೆರೆಯುವಂತಿದ್ದರೆ ಆ ದೀಪ ನಿಮ್ಮ ಮನೆಗೆ ಬೇಡ. ನುಂಗಿದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಡಬಲ್ಲದು. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ, ಊಟ ಕೊಡದೆ, ಎಕ್ಸ್‌ರೇ ಇರುವ ಆಸ್ಪತ್ರೆಗೆ ತಕ್ಷಣ ಓಡಿ. ಒಂದು ವರ್ಷ ದಾಟಿದ ಮಗುವಿಗೆ ಜೇನುತುಪ್ಪ ಕೈಗೆ ಸಿಕ್ಕರೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಕೊಡಬಹುದು. ಜೇನು ಹುಡುಕುತ್ತಾ ಹೊತ್ತು ಕಳೆಯಬೇಡಿ.

ಗೊಂಬೆ ಬಾಗಿನಕ್ಕೆ ಕಡಲೆಕಾಳು ಉಸಲಿ ಮಾಡುವಾಗ ಎಂಟು ಹತ್ತು ಗಂಟೆ ನೆನೆಸಿ, ಬೆರಳಲ್ಲಿ ಹಿಸುಕಿದರೆ ನುಣ್ಣಗಾಗುವಷ್ಟು ಬೇಯಿಸಿ. ಬಂದ ಮಕ್ಕಳಲ್ಲಿ ಐದರ ಒಳಗಿನವರಿಗೆ ಅದನ್ನು ಜಜ್ಜಿಯೇ ಕೊಡಿ. ಇಡೀ ಕಡಲೆಕಾಯಿ ಬೀಜ, ಹುರಿಗಡಲೆ ಆ ವಯಸ್ಸಿಗೆ ಬೇಡ, ಓಡಾಡುತ್ತಾ ನಗುತ್ತಾ ತಿನ್ನುವಾಗ ಶ್ವಾಸನಾಳಕ್ಕೆ ಹೋಗುತ್ತದೆ. ಹೆಸರುಬೇಳೆ ಕೋಸಂಬರಿ ಎಲ್ಲರಿಗೂ ಒಗ್ಗುತ್ತದೆ. ನಿಮ್ಮ ಮಕ್ಕಳು 'ಗೊಂಬೆ ಕೂರಿಸಿದ್ದೀರಾ?' ಎಂದು ಕೇಳಿಕೊಂಡು ಹೋಗಲಿ, ಅದು ಬಿಡಬಾರದ ಖುಷಿ. ಸಂಜೆಗೆ ಎರಡು ಮನೆ ಸಾಕು. ಕೈಗೊಂದು ಡಬ್ಬಿ ಕೊಟ್ಟು, ಸಿಕ್ಕಿದ ತಿಂಡಿಯನ್ನು ಮನೆಗೆ ಬಂದು ಕೈ ತೊಳೆದು ತಿನ್ನುವ ರೂಢಿ ಮಾಡಿದರೆ ಅರ್ಧ ಕಾಯಿಲೆ ದೂರ.

ಮೈಸೂರಿಗೆ ನವರಾತ್ರಿಯ ಮೊದಲ ಐದು ದಿನದೊಳಗೆ, ವಾರದ ನಡುವೆ ಹೋಗಿ. ವಿಜಯದಶಮಿಯ ದಿನ ಅರಮನೆಯಿಂದ ಬನ್ನಿಮಂಟಪದವರೆಗಿನ ಸುಮಾರು ಐದು ಕಿಲೋಮೀಟರ್ ರಸ್ತೆಯಲ್ಲಿ ಜಾಗ ಹಿಡಿಯಲು ಬೆಳಿಗ್ಗೆಯೇ ಕೂರಬೇಕು, ಬಿಸಿಲು, ಶೌಚಾಲಯಕ್ಕೆ ದಾರಿಯಿಲ್ಲ, ಮಗುವಿನ ಎತ್ತರಕ್ಕೆ ಕಾಣುವುದು ದೊಡ್ಡವರ ಬೆನ್ನು ಮಾತ್ರ. ಅದರ ಮೇಲೆ 21 ಕುಶಾಲತೋಪಿನ ಸದ್ದು. ಆ ದಿನ ಮನೆಯಲ್ಲೇ ಚಂದನ ವಾಹಿನಿಯ ನೇರಪ್ರಸಾರ ಹಾಕಿ: 750 ಕಿಲೋ ತೂಕದ ಚಿನ್ನದ ಅಂಬಾರಿಯೂ ಆನೆಯ ಹಣೆಯ ಚಿತ್ತಾರವೂ ಬೀದಿಯಲ್ಲಿ ನಿಂತವರಿಗಿಂತ ನಿಮ್ಮ ಮಕ್ಕಳಿಗೆ ಚೆನ್ನಾಗಿ ಕಾಣುತ್ತದೆ.

ಆನೆಯನ್ನು ಹತ್ತಿರದಿಂದ ನೋಡಲು ತಾಲೀಮು ಇದೆ. ದಸರಾ ಆನೆಗಳು ಮೆರವಣಿಗೆಯ ದಾರಿಯಲ್ಲೇ ನಡಿಗೆ ಅಭ್ಯಾಸ ಮಾಡುತ್ತವೆ, ಜನ ವಿರಳ, ಬಿಸಿಲಿಲ್ಲದ ಬೆಳಗಿನ ಹೊತ್ತು. ಅತ್ತೆಯವರಿಗೆ ಆ ವಾರದ ಸಮಯ ವಿಚಾರಿಸಲು ಹೇಳಿ, ರಸ್ತೆ ಬದಿಯ ಪಾದಚಾರಿ ಮಾರ್ಗದಲ್ಲೇ ನಿಲ್ಲಿ, ಆನೆ ಹತ್ತಿರ ಬಂದಾಗ ಪೀಪಿ, ಬಲೂನು ಬೇಡ. ಅರಮನೆಯ ದೀಪಕ್ಕೆ ಹಿಂದಿನ ಸಂಜೆ ಆರೂ ಮುಕ್ಕಾಲಿಗೆ ಆವರಣದಲ್ಲಿರಿ. ಕತ್ತಲಿಂದ ಒಮ್ಮೆಗೇ ಸುಮಾರು ಒಂದು ಲಕ್ಷ ಬಲ್ಬು ಹೊತ್ತಿಕೊಳ್ಳುವ ಆ ಕ್ಷಣವೇ ಮಕ್ಕಳಿಗೆ ಮುಖ್ಯ. ಅರ್ಧ ಗಂಟೆ ನೋಡಿ ಎಂಟಕ್ಕೆ ಮನೆ ಸೇರಿ. ಮೃಗಾಲಯದ ಒಂದು ಸುತ್ತು ಸುಮಾರು ಮೂರು ಕಿಲೋಮೀಟರ್ ನಡಿಗೆ. ಅದನ್ನು ಅದೇ ದಿನಕ್ಕೆ ಸೇರಿಸಬೇಡಿ. ಮಾಮೂಲಿನಂತೆ ಮಂಗಳವಾರ ಅದಕ್ಕೆ ರಜೆ ಎಂಬುದೂ ನೆನಪಿರಲಿ. ವಸ್ತುಪ್ರದರ್ಶನ ದಸರಾ ಮುಗಿದ ಮೇಲೂ ಎಷ್ಟೋ ವಾರ ಇರುತ್ತದೆ, ಅವಸರವಿಲ್ಲ.

ಜನಜಂಗುಳಿಗೆ ಹೋಗುವ ಮುನ್ನ ಮಕ್ಕಳ ಒಂದು ಫೋಟೋ ತೆಗೆದುಕೊಳ್ಳಿ, ಅವತ್ತಿನ ಬಟ್ಟೆಯಲ್ಲಿ, ತಲೆಯಿಂದ ಕಾಲಿನವರೆಗೆ. ತೋಳಿನ ಒಳಭಾಗದಲ್ಲಿ ಪೆನ್ನಿನಿಂದ ನಿಮ್ಮ ನಂಬರ್ ಬರೆಯಿರಿ. 'ಅಮ್ಮ ಕಾಣದಿದ್ದರೆ ಹುಡುಕಬೇಡ, ನಿಂತಲ್ಲೇ ನಿಂತು ಜೋರಾಗಿ ಅಮ್ಮನ ಹೆಸರು ಕೂಗು' ಎಂದು ಮಗಳಿಗೆ ಮನೆಯಲ್ಲೇ ಎರಡು ಸಲ ಅಭ್ಯಾಸ ಮಾಡಿಸಿ. 'ಅಮ್ಮಾ' ಎಂದರೆ ಆ ಗದ್ದಲದಲ್ಲಿ ನೂರು ಅಮ್ಮಂದಿರು ತಿರುಗುತ್ತಾರೆ.

ಆಯುಧಪೂಜೆಯ ಹಿಂದಿನ ದಿನ ಮಕ್ಕಳ ಸೈಕಲ್ಲನ್ನು ಅವರೇ ತೊಳೆಯಲಿ. ಒರೆಸಿ, ಚೈನಿಗೆ ನೀವು ಎಣ್ಣೆ ಬಿಡಿ, ಬ್ರೇಕ್ ಹಿಡಿದು ನೋಡಿ, ಚಕ್ರದ ಗಾಳಿ ನೋಡಿ. ಪೂಜೆಗೆ ಅರ್ಥ ಬರುವುದು ಅಲ್ಲಿ. ಬೂದುಗುಂಬಳ ಒಡೆದ ಮೇಲೆ ಹೋಳುಗಳನ್ನು ಕೂಡಲೇ ಗುಡಿಸಿ ಬದಿಗೆ ಹಾಕಿ, ರಸ್ತೆಯಲ್ಲಿ ಬಿಟ್ಟ ಆ ಲೋಳೆಗೆ ಜಾರಿ ಬೀಳುವ ಬೈಕುಗಳು ಪ್ರತಿ ವರ್ಷ ಇರುತ್ತವೆ. ಅದರೊಳಗಿನ ನಾಣ್ಯಕ್ಕೆ ಮಕ್ಕಳು ರಸ್ತೆಗೆ ನುಗ್ಗದಂತೆ ಒಬ್ಬರು ಕೈಹಿಡಿದು ನಿಂತಿರಲಿ. ಮಗನ ಅಕ್ಷರಾಭ್ಯಾಸ ಆಗಿಲ್ಲದಿದ್ದರೆ ದಶಮಿ ಒಳ್ಳೆಯ ದಿನ. ತಟ್ಟೆಯಲ್ಲಿ ಅರ್ಧ ಅಂಗುಲಕ್ಕಿಂತ ದಪ್ಪ ಅಕ್ಕಿ ಬೇಡ, ಬರೆದದ್ದು ಮುಚ್ಚಿಹೋಗುತ್ತದೆ.

ಭೂಮಿ ಹುಣ್ಣಿಮೆಗೆ ತೀರ್ಥಹಳ್ಳಿಗೆ ಓಡಬೇಡಿ, ಅದನ್ನು ಬೆಂಗಳೂರಿಗೇ ಕರೆಸಿಕೊಳ್ಳಿ. ನಿಮ್ಮ ತಾಯಿಯವರು ಚಿತ್ತಾರ ಬರೆದು ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಪುಟ್ಟ ರೂಪ ಮಕ್ಕಳ ಕೈಗೆ ಚೆನ್ನಾಗಿ ಕೂರುತ್ತದೆ. ಒಂದು ಬಿದಿರ ಬುಟ್ಟಿಗೆ ಕೆಮ್ಮಣ್ಣು ಕಲಸಿ ಬಳಿದು ಒಂದು ಹಗಲು ಪೂರ್ತಿ ಒಣಗಿಸಿ. ಹಸಿಯಿದ್ದರೆ ಬಿಳಿ ಗೆರೆ ಕೆಂಪಾಗಿ ಹರಡುತ್ತದೆ. ಹಿಡಿ ಅಕ್ಕಿಯನ್ನು ಎರಡು ಮೂರು ಗಂಟೆ ನೆನೆಸಿ ನುಣ್ಣಗೆ ರುಬ್ಬಿ, ದೋಸೆ ಹಿಟ್ಟಿಗಿಂತ ತುಸು ತೆಳ್ಳಗೆ ಮಾಡಿ. ಪುಂಡಿ ನಾರಿನ ಕುಂಚ ಸಿಗದಿದ್ದರೆ ಕಡ್ಡಿಗೆ ಹತ್ತಿ ಸುತ್ತಿದರೂ ಆಗುತ್ತದೆ. ಮಗಳು ಗೆರೆ, ಮಗ ಚುಕ್ಕೆ. ಅಜ್ಜಿಗೆ ವಿಡಿಯೋ ಕರೆಯಲ್ಲಿ ತೋರಿಸಿ, ಇಡೀ ಮಧ್ಯಾಹ್ನ ಅದರಲ್ಲೇ ಕಳೆಯುತ್ತದೆ.

ತವರಿನ ಹಾದಿ ಉದ್ದ, ಘಾಟಿಯಲ್ಲದಿದ್ದರೂ ಕೊನೆಯಲ್ಲಿ ತಿರುವುಗಳಿವೆ. ಹೊರಡುವ ಒಂದೂವರೆ ಗಂಟೆ ಮೊದಲು ಇಡ್ಲಿಯಂಥ ಹಗುರ ತಿಂಡಿ, ಎಣ್ಣೆಯದು ಬೇಡ. ಎರಡು ಗಂಟೆಗೊಮ್ಮೆ ಇಳಿಸಿ ಓಡಾಡಿಸಿ. ತಿರುವಿನಲ್ಲಿ ಮೊಬೈಲ್ ಕೊಟ್ಟರೆ ವಾಂತಿ ಖಚಿತ, ಮುಂದಿನ ರಸ್ತೆ ನೋಡಿಸಿ.

ಎಣ್ಣೆ ಸ್ನಾನದಲ್ಲಿ ಅಪಾಯ ಎರಡು: ಬಿಸಿ ಮತ್ತು ಜಾರಿಕೆ. ಬಚ್ಚಲ ಹಂಡೆಯ ನೀರು ಕುದಿಯುವ ಹದದಲ್ಲಿರುತ್ತದೆ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಈ ಕ್ರಮ ತಪ್ಪಬಾರದು. ಬರೀ ಬಿಸಿನೀರಿನ ಬಕೆಟ್ ನೆಲದಲ್ಲಿ ಒಂದು ನಿಮಿಷವೂ ಇರಬಾರದು. ಮೊಣಕೈ ಅದ್ದಿ ನೋಡಿ, ಅದಕ್ಕೆ ಬೆಚ್ಚಗೆ ಎನಿಸಿದರೆ ಹದ. ಅಂಗೈಗೆ ಬಿಸಿ ಅಭ್ಯಾಸವಾಗಿರುತ್ತದೆ, ಅದನ್ನು ನಂಬಬೇಡಿ. ಮಗನಿಗೆ ಎರಡು ಮೂರು ಚಮಚ ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆ ಸಾಕು, ಕಿವಿ-ಮೂಗಿಗೆ ಬಿಡಬೇಡಿ. ಆ ಚಳಿಯಲ್ಲಿ ಗಂಟೆಗಟ್ಟಲೆ ಕೂರಿಸದೆ ಕಾಲು ಗಂಟೆಯಲ್ಲಿ ನೀರು ಹಾಕಿ. ಸೀಗೆಪುಡಿ ಕಣ್ಣಿಗೆ ಬಿದ್ದರೆ ಮುಂದಿನ ವರ್ಷದವರೆಗೂ ಮಗು ಎಣ್ಣೆ ಸ್ನಾನಕ್ಕೆ ಹೆದರುತ್ತದೆ. ಕಡಲೆಹಿಟ್ಟು ಹಚ್ಚಿ, ನಿಮ್ಮ ಕಾಲಡಿಗೂ ಸ್ವಲ್ಪ ಉದುರಿಸಿಕೊಂಡು ಎಣ್ಣೆ ತೆಗೆಯಿರಿ.

ಪಟಾಕಿಯಲ್ಲಿ ಮಗನಿಗೆ ಸುರ್‌ಸುರ್‌ಬತ್ತಿಯೂ ಬೇಡ. ಅದರ ತುದಿಯ ಬಿಸಿ ಸಾವಿರ ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಮೂರು ವರ್ಷದ ತೋಳು ಗಿಡ್ಡ, ಕಿಡಿ ಮುಖದ ಹತ್ತಿರವೇ. ಅವನು ಹಣತೆಗಳನ್ನು ಸಾಲಿಡಲಿ. ಮಗಳು ನಿಮ್ಮ ಕೈಯೊಳಗೆ ಕೈಯಿಟ್ಟು, ತೋಳು ಪೂರ್ತಿ ಚಾಚಿ, ಚಪ್ಪಲಿಗೆ ಬದಲು ಬೂಟು ಹಾಕಿ, ಹತ್ತಿ ಬಟ್ಟೆಯಲ್ಲಿ ಒಂದೊಂದೇ ಹಚ್ಚಲಿ, ಜರಿ ಲಂಗ ಅದಕ್ಕೆ ಮುಂಚೆಯೇ ಬಿಚ್ಚಿಸಿ. ಉರಿದ ಕಡ್ಡಿ ನೇರ ನೀರಿನ ಬಕೆಟ್ಟಿಗೆ. ಆರಿದ ಹಾಗೆ ಕಾಣುವ ಆ ತಂತಿಯ ಮೇಲೆ ಕಾಲಿಟ್ಟು ಸುಟ್ಟುಕೊಳ್ಳುವುದು ಬಹಳ ಸಾಮಾನ್ಯ. ಹೊತ್ತದ ಹೂಕುಂಡವನ್ನು ಬಗ್ಗಿ ನೋಡಬಾರದು, ನೀರು ಸುರಿದು ಬಿಟ್ಟುಬಿಡಿ. ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು, ಮತ್ತೇನೂ ಇಲ್ಲ: ಐಸ್, ಟೂತ್‌ಪೇಸ್ಟ್, ಕಾಫಿಪುಡಿ, ಅರಿಸಿನ ಯಾವುದೂ ಬೇಡ. ಕಣ್ಣಿಗೆ ಕಿಡಿ ಹಾರಿದರೆ ಉಜ್ಜಲು ಬಿಡದೆ, ಒಂದು ಕಾಗದದ ಲೋಟವನ್ನು ಒತ್ತದಂತೆ ಮುಚ್ಚಿಹಿಡಿದು ಕಣ್ಣಿನ ವೈದ್ಯರ ಬಳಿಗೆ ಹೋಗಿ. ಊರಿಗೆ ಹೊರಡುವ ಮೊದಲೇ ಅಲ್ಲಿ ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದು ಎಂದು ತಂದೆಯವರನ್ನು ಕೇಳಿ ಬರೆದಿಟ್ಟುಕೊಳ್ಳಿ.

ರಾತ್ರಿ ಹಾಡುತ್ತಾ ದೀಪ ಹಿಡಿದು ಬರುವ ಅಂಟಿಗೆ ಪಂಟಿಗೆಯವರನ್ನು ಮಗಳು ನೋಡಲೇಬೇಕು. ಎಚ್ಚರವಾಗಿ ಕಾಯಿಸಬೇಡಿ. ಎಂಟಕ್ಕೆ ಮಲಗಿಸಿ, ಹಾಡು ಅಂಗಳಕ್ಕೆ ಬಂದಾಗ ಕಂಬಳಿ ಸುತ್ತಿ ಎತ್ತಿಕೊಂಡು ಜಗಲಿಗೆ ತನ್ನಿ. ಹತ್ತು ನಿಮಿಷ ನೋಡಿ ಮತ್ತೆ ನಿದ್ದೆಗೆ ಜಾರುತ್ತಾಳೆ.

ಬಲಿಪಾಡ್ಯಮಿಯ ಗೋಪೂಜೆಗೆ ಹಬ್ಬಕ್ಕೆ ಹತ್ತು ದಿನ ಮುಂಚೆ ಇನ್ನೊಂದು ತಟ್ಟೆ ರಾಗಿ ಹಾಕಿಸಿ. ಜೋಳ ಮಾತ್ರ ಬೇಡ, ಎಳೆ ಜೋಳದ ಪೈರು ದನಕ್ಕೆ ವಿಷ. ಹೊರಡುವ ಬೆಳಿಗ್ಗೆ ಪೈರನ್ನು ಕತ್ತರಿಯಲ್ಲಿ ಕತ್ತರಿಸಿ, ಒದ್ದೆ ಬಟ್ಟೆ ಸುತ್ತಿ, ತೂತಿರುವ ಡಬ್ಬಿಯಲ್ಲಿಟ್ಟು ಒಯ್ಯಿರಿ. ಊರು ಸೇರಿದ ಕೂಡಲೇ ತಂಪಾದ ಜಾಗದಲ್ಲಿಟ್ಟು ದಿನಾ ಬಟ್ಟೆ ಒದ್ದೆ ಮಾಡಿ, ಲೋಳೆಯಾದದ್ದನ್ನು ಎಸೆಯಿರಿ. ಕೊಟ್ಟಿಗೆಯಲ್ಲಿ ಹಸುವಿನ ಹಿಂದಿನಿಂದ ಹೋಗದೆ, ಅದಕ್ಕೆ ಕಾಣುವ ಹಾಗೆ ಮುಂದಿನಿಂದ, ತಾತ ಹಗ್ಗ ಹಿಡಿದಿರುವಾಗ ಹೋಗಿ. ಅಂಗೈ ಚಪ್ಪಟೆ ಮಾಡಿ, ಬೆರಳು ಮಡಚದೆ, ಮೇಲೆ ಒಂದು ಹಿಡಿ ಪೈರು ಇಡಲು ಮಗನಿಗೆ ಕಲಿಸಿ.